ಗುಡಿಯ ಕಲ್ಲಿಗೆ ಕಾರ್ಬನ್ ಡೇಟಿಂಗ್ ಮಾಡಿಸಬೇಕಾ?

ಎಲ್ಲಾದರೂ ದೇವಸ್ಥಾನದ ಜೀರ್ಣೋದ್ಧಾರ ಶುರುವಾದರೆ ನನಗೊಂದು ಫೋನ್ ಬರುತ್ತದೆ. "ಸಾರ್, ನಮ್ಮ ಗುಡಿ ಸಾವಿರ ವರ್ಷ ಹಳೇದು. ಕಲ್ಲಿಗೆ ಕಾರ್ಬನ್ ಡೇಟಿಂಗ್ ಮಾಡಿಸಿ ಒಂದು ಸರ್ಟಿಫಿಕೇಟ್ ಕೊಡಿಸಿ."

ಭೂವಿಜ್ಞಾನಿ ಕಲ್ಲಿನ ವಯಸ್ಸು ಹೇಳುತ್ತಾನೆ ಅನ್ನೋದು ಸರಿಯೇ. ಆದರೆ ನಾನು ಹೇಳುವ ವಯಸ್ಸು ಸಮಿತಿಯವರಿಗೆ ಬೇಡ. ಕಂಬ ಬಳಪದ ಕಲ್ಲಿನದಾಗಿದ್ದು, ಕಲ್ಲು ನಮ್ಮ ಹಾಸನ, ಚಿತ್ರದುರ್ಗದ ಕಡೆಯದ್ದೇ ಆಗಿದ್ದರೆ, ಅದಕ್ಕೆ ಬಹುಶಃ 250 ಕೋಟಿ ವರ್ಷಕ್ಕೂ ಜಾಸ್ತಿ. ಸರ್ಟಿಫಿಕೇಟಿನಲ್ಲಿ ಅದನ್ನೇ ಬರೆಯಲಾ?

ಅಜ್ಜಿಯ ರೇಷ್ಮೆ ಸೀರೆ ಕತ್ತರಿಸಿ ಮೊಮ್ಮಗಳಿಗೆ ಲಂಗ ಹೊಲಿಸುತ್ತೇವೆ. ಬಟ್ಟೆಯ ವಯಸ್ಸು ಬೇರೆ, ಲಂಗದ ವಯಸ್ಸು ಬೇರೆ. ಶಿಲ್ಪಿ ಉಳಿ ಇಟ್ಟ ದಿನ ಕಲ್ಲಿನ ಒಳಗೆ ಏನೂ ಬದಲಾಗುವುದಿಲ್ಲ. ಹಾಗಾಗಿ ಕಲ್ಲನ್ನು ಪುಡಿ ಮಾಡಿ ಪರೀಕ್ಷಿಸಿದರೂ ಆ ದಿನ ಸಿಗುವುದಿಲ್ಲ.

ಇನ್ನು ಕಾರ್ಬನ್. ಗಿಡ ಗಾಳಿಯಿಂದ ಕಾರ್ಬನ್ ಎಳೆದುಕೊಳ್ಳುತ್ತದೆ, ಗಿಡ ತಿಂದ ದನಕ್ಕೂ ಅದು ಸೇರುತ್ತದೆ. ಅದರಲ್ಲಿ ಕಾರ್ಬನ್-14 ಅನ್ನೋದು ಒಂದಿಷ್ಟು ಇರುತ್ತದೆ. ಜೀವ ಹೋದ ಮೇಲೆ ಹೊಸದು ಬರುವುದಿಲ್ಲ, ಇದ್ದದ್ದು 5,730 ವರ್ಷಕ್ಕೆ ಅರ್ಧದಂತೆ ಕರಗುತ್ತಾ ಹೋಗುತ್ತದೆ. ಸುಮಾರು 50,000 ವರ್ಷ ಕಳೆದರೆ ಅಳೆಯುವಷ್ಟು ಉಳಿಯುವುದೇ ಇಲ್ಲ. ಅಂದರೆ ಈ ವಿಧಾನ ಹೇಳುವುದು ಜೀವವೊಂದು ಸತ್ತ ಕಾಲವನ್ನು. ನಿಮ್ಮ ಕಂಬ ಯಾವತ್ತು ಬದುಕಿತ್ತು? "ಸುಣ್ಣದ ಕಲ್ಲಿನಲ್ಲಿ ಕಾರ್ಬನ್ ಇದೆಯಲ್ಲ" ಅಂತ ಜಾಣರು ಕೇಳುತ್ತಾರೆ. ಇದೆ. ಕೋಟಿಗಟ್ಟಲೆ ವರ್ಷ ಹಳೆಯ ಕಲ್ಲಾದರೆ, ನಮಗೆ ಬೇಕಾದ ಕಾರ್ಬನ್-14 ಎಂದೋ ಮುಗಿದಿದೆ.

ಪಳೆಯುಳಿಕೆಗೂ ಇದೇ ಮಾತು. ಎಷ್ಟೋ ಮನೆಗಳ ದೇವರ ಪೆಟ್ಟಿಗೆಯಲ್ಲಿ ಸಾಲಿಗ್ರಾಮ ಇದೆ. ನೇಪಾಳದ ಕಾಳಿ ಗಂಡಕಿಯಿಂದ ಬಂದದ್ದು, ಒಳಗೆ ಚಕ್ರ ಕಾಣುವಂಥದ್ದು, ಅಮೊನೈಟ್ ಎಂಬ ಕಡಲ ಪ್ರಾಣಿಯ ಅಚ್ಚು. ಕಾಲ ಹೆಚ್ಚಾಗಿ ಜುರಾಸಿಕ್, ಅಂದರೆ ಡೈನೋಸಾರ್‌ಗಳಿದ್ದ ಕಾಲ. ಆಗ ಹಿಮಾಲಯ ಇರಲಿಲ್ಲ, ಅಲ್ಲಿದ್ದದ್ದು ಸಮುದ್ರ. (ಇಷ್ಟು ತಿಳಿದೂ ನಾನು ಅದಕ್ಕೆ ಕೈ ಮುಗಿಯುತ್ತೇನೆ. ನನಗದರಲ್ಲಿ ಕಷ್ಟ ಕಂಡಿಲ್ಲ.) ಆ ಕಾಲ ಹೇಗೆ ಗೊತ್ತಾಯಿತು? ಸಾಲಿಗ್ರಾಮವನ್ನು ಯಂತ್ರಕ್ಕೆ ಹಾಕಿ ಅಲ್ಲ. ಅಮೊನೈಟ್‌ಗಳ ರೂಪ ಬೇಗ ಬೇಗ ಬದಲಾಗುತ್ತಿತ್ತು. ಒಂದು ಬಗೆ ಕೆಲವೇ ಪದರಗಳಲ್ಲಿ ಸಿಗುತ್ತದೆ, ಮೇಲಿನ ಪದರದಲ್ಲಿ ಇನ್ನೊಂದು ಬಗೆ. ಇದರಿಂದ ಯಾವುದು ಮೊದಲು, ಯಾವುದು ಆಮೇಲೆ ಅನ್ನೋದು ತಿಳಿಯುತ್ತದೆ. ವರ್ಷದ ಲೆಕ್ಕ ಬರುವುದು ಬೇರೆ ಕಡೆಯಿಂದ. ಅದೇ ಬಗೆಯ ಅಮೊನೈಟ್ ಇರುವ ಪದರಗಳ ನಡುವೆ ಲೋಕದ ಎಲ್ಲೋ ಒಂದೆಡೆ ಜ್ವಾಲಾಮುಖಿಯ ಬೂದಿ ಬಿದ್ದಿರುತ್ತದೆ. ಅಳೆಯುವುದು ಆ ಬೂದಿಯನ್ನು.

ಬೂದಿಯಲ್ಲಿ ಜಿರ್ಕಾನ್ ಎಂಬ ಸಣ್ಣ ಹರಳು ಇರುತ್ತದೆ. ಹರಳುಗಟ್ಟುವಾಗ ಅದು ಯುರೇನಿಯಂ ಸೇರಿಸಿಕೊಳ್ಳುತ್ತದೆ, ಸೀಸವನ್ನು ಹೆಚ್ಚುಕಡಿಮೆ ಹೊರಗೇ ಇಡುತ್ತದೆ. ಆಮೇಲೆ ಯುರೇನಿಯಂ ನಿಧಾನಕ್ಕೆ ಸೀಸವಾಗುತ್ತದೆ. ಯುರೇನಿಯಂ-238 ಅರ್ಧಕ್ಕಿಳಿಯಲು ಸುಮಾರು 447 ಕೋಟಿ ವರ್ಷ ಬೇಕು. ಒಳಗೆ ಸೇರಿದ ಸೀಸ ಎಷ್ಟು ಅಂತ ನೋಡಿದರೆ ಹರಳು ಹುಟ್ಟಿದ ಕಾಲ ಸಿಗುತ್ತದೆ. ಹರಳು ಹುಟ್ಟಿದ ಕಾಲ, ಅಷ್ಟೇ. ಅದೇ ಹರಳು ಮರಳುಗಲ್ಲಿನಲ್ಲಿ ಸಿಕ್ಕರೆ, ಅದು ಎಲ್ಲಿಂದಲೋ ಹೊಳೆಯಲ್ಲಿ ಕೊಚ್ಚಿಕೊಂಡು ಬಂದದ್ದು. ಮರಳುಗಲ್ಲು ವಯಸ್ಸಿನಲ್ಲಿ ಅದಕ್ಕಿಂತ ಚಿಕ್ಕದು ಅಂತಷ್ಟೇ ಹೇಳಬಹುದು.

ಲಾಲ್‌ಬಾಗ್ ಬಂಡೆ ನೋಡಿ. ಈ ಜಾತಿಯ ಕಲ್ಲಿಗೆ ಪೆನಿನ್ಸುಲಾರ್ ನೈಸ್ (ನೈಸ್ ಅಂದರೆ ಬಿಸಿ, ಒತ್ತಡಕ್ಕೆ ರೂಪ ಬದಲಿಸಿದ ಪಟ್ಟೆ ಕಲ್ಲು) ಅಂತ ಮೈಸೂರು ಭೂವಿಜ್ಞಾನ ಇಲಾಖೆಯ ಸ್ಮೀತ್ 1916ರಲ್ಲಿ ಹೆಸರಿಟ್ಟರು. ವಯಸ್ಸು 250ರಿಂದ 340 ಕೋಟಿ ವರ್ಷ. "ಸರಿಯಾಗಿ ಒಂದು ಹೇಳಿ ಸಾರ್" ಅಂತಾರೆ ಜನ. ಹೇಗೆ ಹೇಳಲಿ? ಈ ಜಾತಿಯ ಕಲ್ಲು ಒಂದೇ ಸಲ ಆದದ್ದಲ್ಲ. ಕರಗಿದೆ, ಬೆಂದಿದೆ, ಮತ್ತೆ ಬೆಂದಿದೆ. ಒಂದೇ ಜಿರ್ಕಾನಿನ ತಿರುಳಿಗೆ ಒಂದು ವಯಸ್ಸು, ಅಂಚಿಗೆ ಇನ್ನೊಂದು ಇರಬಹುದು. ಯಾವ ಘಟನೆಯ ಕಾಲ ಬೇಕು ಅಂತ ನೀವು ಹೇಳದೆ ನಾನು ಉತ್ತರ ಕೊಡಲಾರೆ.

ಒಮ್ಮೆ ಹಾಸನದ ಕಡೆಯ ಊರಿನವರು ಬಿಡಲೇ ಇಲ್ಲ, ಹೋದೆ. ಒಳ್ಳೆಯ ಜನ, ಊಟಕ್ಕೆ ಒಬ್ಬಟ್ಟು ಬೇರೆ. ಬಾಗಿಲ ಪಕ್ಕ ಒಂದು ಕಲ್ಲು ನಿಲ್ಲಿಸಿ ಅದಕ್ಕೆ ಹಸಿರು ಬಣ್ಣ ಬಳಿದಿದ್ದರು. ಬಣ್ಣದ ಕೆಳಗೆ ಅಕ್ಷರದ ಗುರುತು! ಶಾಸನ. ಶಕ ವರ್ಷ ಓದಲು ಸಿಕ್ಕಿದರೆ 78 ಕೂಡಿಸಿದರಾಯಿತು, ನಮ್ಮ ಈಗಿನ ಲೆಕ್ಕದ ಇಸವಿ ಬರುತ್ತದೆ, ಒಂದು ವರ್ಷ ಆಚೀಚೆ. "ಕೆರೆದು ನೋಡೋಣ್ವಾ?" ಅಂತ ಒಬ್ಬ ಹುಡುಗ ಆಗಲೇ ಚಾಕು ತಂದಿದ್ದ. ಬೇಡಪ್ಪ, ಶಾಸನ ಬಲ್ಲವರನ್ನು ಕರೆಸಿ ಅಂದೆ.

ಕಾರ್ಬನ್ ಡೇಟಿಂಗ್ ಗುಡಿಗೆ ಉಪಯೋಗವೇ ಇಲ್ಲ ಅಂತಲ್ಲ. ಪಾಯದ ಕೆಳಗಿನ ಇದ್ದಿಲು, ಕೆಲವೊಮ್ಮೆ ಹಳೆಯ ಸುಣ್ಣದ ಗಾರೆ (ಗಟ್ಟಿಯಾಗುವಾಗ ಅದೂ ಗಾಳಿಯಿಂದ ಕಾರ್ಬನ್ ಎಳೆದುಕೊಳ್ಳುತ್ತದೆ) ಸುಳಿವು ಕೊಡಬಹುದು. ಮರದ ತೊಲೆಯೂ ಕೊಡುತ್ತದೆ, ಆದರೆ ಅದು ಮರ ಬೆಳೆದ ಕಾಲ, ತೊಲೆ ಏರಿಸಿದ ಕಾಲವಲ್ಲ. ಹಳೆ ತೊಲೆಯನ್ನೇ ಮತ್ತೆ ಬಳಸಿರಲೂಬಹುದು. ಇದ್ದಿಲು ಸಿಕ್ಕರೆ ತೊಳೆಯಬೇಡಿ, ಕೈಯಲ್ಲಿ ಉಜ್ಜಬೇಡಿ. ಅದನ್ನು ಇದ್ದಲ್ಲೇ ಬಿಟ್ಟು ಎಷ್ಟು ಆಳದಲ್ಲಿತ್ತು ಅಂತ ಬರೆದಿಡಿ, ಅಗೆಯುವುದನ್ನು ನಿಲ್ಲಿಸಿ ಪುರಾತತ್ವ ಇಲಾಖೆಗೆ ಹೇಳಿ. ಜೆಸಿಬಿಯವನಿಗೆ ಆ ದಿನ ರಜೆ ಕೊಡಿ.