ನೋಟಿಫೈ-ಸೆಂಡ್‌ಗೆ ಹಳೆಯ ಸೂಚನೆ ಯಾಕೆ ನೆನಪಿರಲಿಲ್ಲ?

ಫೋಟೋ ಬ್ಯಾಕಪ್‌ಗೆ ಅಂತ ಒಂದು ಶೆಲ್ ಸ್ಕ್ರಿಪ್ಟ್ (ಆಜ್ಞೆಗಳನ್ನು ಸಾಲಾಗಿ ಓಡಿಸುವ ಕಡತ) ಬರೆದಿದ್ದೆ. ಪರದೆಯ ಮೇಲೆ ನೋಟಿಫಿಕೇಶನ್, ಅಂದರೆ ಸೂಚನೆಯ ಪೆಟ್ಟಿಗೆ ತೋರಿಸಲು ಅದರಲ್ಲಿ ಬಳಸಿದ್ದು ಲಿನಕ್ಸ್‌ನ ನೋಟಿಫೈ-ಸೆಂಡ್ ಎಂಬ ಆಜ್ಞೆ. ಶೇ 10 ಮುಗಿದಾಗ ಒಂದು ನೋಟಿಫಿಕೇಶನ್, ಶೇ 20ಕ್ಕೆ ಇನ್ನೊಂದು. ಕೆಲಸ ಮುಗಿಯುವಷ್ಟರಲ್ಲಿ ಒಂದರ ಮೇಲೊಂದು ಹತ್ತು ಪೆಟ್ಟಿಗೆ. ನನಗೆ ಬೇಕಿದ್ದುದು ಒಂದೇ ಪೆಟ್ಟಿಗೆ, ಅದರೊಳಗೆ ಏರುತ್ತ ಹೋಗುವ ಅಂಕಿ. ಲಿನಕ್ಸ್‌ನಲ್ಲಿ ಇಷ್ಟು ಸಣ್ಣ ಕೆಲಸ ಬಹಳ ವರ್ಷ ಕಷ್ಟವಾಗಿತ್ತು.

ನಿಯಮದಲ್ಲಿ ಮಾತ್ರ ಇದಕ್ಕೆ ಜಾಗ ಇತ್ತು. ಲಿನಕ್ಸ್ ಡೆಸ್ಕ್‌ಟಾಪ್‌ಗಳಿಗೆ ಸಾಮಾನ್ಯ ನಿಯಮ ಬರೆಯುವ ಫ್ರೀಡೆಸ್ಕ್‌ಟಾಪ್ ಯೋಜನೆಯ ನೋಟಿಫಿಕೇಶನ್ ನಿಯಮಗಳ ಕರಡು ಶುರುವಾದದ್ದು 2004ರಲ್ಲಿ. ಅದರ ಪ್ರಕಾರ ಸೂಚನೆ ತೋರಿಸುವ ಸರ್ವರ್, ಪ್ರತಿ ಸೂಚನೆಗೂ ಒಂದು ಸಂಖ್ಯೆ ವಾಪಸ್ ಕೊಡುತ್ತದೆ. ಮುಂದಿನ ಸಲ ಅದೇ ಸಂಖ್ಯೆಯನ್ನು 'ರೀಪ್ಲೇಸಸ್ ಐಡಿ' ಎಂಬ ಕಡೆ ಇಟ್ಟು ಕಳಿಸಿದರೆ, ಹಳೆಯದರ ಜಾಗಕ್ಕೇ ಹೊಸದು ಬರುತ್ತದೆ. ಸೊನ್ನೆ ಇಟ್ಟರೆ ಹೊಸ ಪೆಟ್ಟಿಗೆ.

ಸಿ ಭಾಷೆಯ ಪ್ರೋಗ್ರಾಂಗೆ ತೊಂದರೆ ಇರಲಿಲ್ಲ. ಅದು ಓಡುತ್ತಿರುವಷ್ಟು ಹೊತ್ತು, ಸೂಚನೆ ಕಳಿಸಲು ಬಳಸುವ ಲಿಬ್‌ನೋಟಿಫೈ ಎಂಬ ಲೈಬ್ರರಿ ಆ ಸಂಖ್ಯೆಯನ್ನು ನೆನಪಿಟ್ಟುಕೊಳ್ಳುತ್ತದೆ. ಆದರೆ ನೋಟಿಫೈ-ಸೆಂಡ್ ಬದುಕುವುದು ಒಂದು ಕ್ಷಣ. ಸೂಚನೆ ಕಳಿಸಿತು, ಮುಗಿಯಿತು. ಸಂಖ್ಯೆಯೂ ಅದರ ಜೊತೆಗೇ ಹೋಯಿತು. ಸ್ಕ್ರಿಪ್ಟ್‌ಗೆ ಅದನ್ನು ಹೇಳಿ ಹೋಗುವ ದಾರಿಯೇ ಇರಲಿಲ್ಲ. ನನ್ನ ಪ್ರಕಾರ ಇಡೀ ಸಮಸ್ಯೆಯ ಬೇರು ಇಲ್ಲೇ ಇದೆ.

ಹಾಗಾಗಿ ಜನ ಅಡ್ಡದಾರಿ ಹುಡುಕಿಕೊಂಡರು. 2009ರಲ್ಲಿ ಉಬುಂಟು 9.04 ಸೂಚನೆ ತೋರಿಸಲು ನೋಟಿಫೈ-ಒಎಸ್‌ಡಿ ಎಂಬ ಸರ್ವರ್ ತಂದಾಗ, ಧ್ವನಿ ಏರಿಳಿಸಿದಾಗ ಕಾಣುವ ವಾಲ್ಯೂಮ್ ಪಟ್ಟಿಯಂಥ ಸೂಚನೆಗಳಿಗೆ ಒಂದು ಗುರುತು ಚೀಟಿ ಬಂತು. ಒಂದೇ ಚೀಟಿ ಇದ್ದರೆ ಹಳೆಯ ಪೆಟ್ಟಿಗೆಯೇ ಬದಲಾಗುತ್ತಿತ್ತು. ಆ ಚೀಟಿಯ ಹೆಸರಲ್ಲೇ 'ಪ್ರೈವೇಟ್' ಅಂತಿತ್ತು. ಆದರೂ ಸ್ಕ್ರಿಪ್ಟ್ ಬರೆಯುವವರು ಅದನ್ನು ಬಳಸಿದರು, ಬೇರೆ ಗತಿ ಇರಲಿಲ್ಲ ಅಲ್ವಾ? ಡನ್ಸ್ಟ್ ಎಂಬ ಇನ್ನೊಂದು ಸೂಚನೆ ಸರ್ವರ್ ಜೊತೆ ಬರುವ ಡನ್ಸ್ಟಿಫೈ ಆಜ್ಞೆ ಇನ್ನೂ ಮುಂದೆ ಹೋಯಿತು. ಲಿಬ್‌ನೋಟಿಫೈ ಒಳಗೆ ಮುಚ್ಚಿಟ್ಟಿದ್ದ ಸಂಖ್ಯೆಗೇ ನೇರವಾಗಿ ಕೈಹಾಕಿತು. ಉಳಿದವರು ಪ್ರೋಗ್ರಾಂಗಳಿಗೆ ಸಂದೇಶ ಕಳಿಸುವ ಜಿಡಿಬಸ್ ಎಂಬ ಆಜ್ಞೆಯಿಂದ ಸರ್ವರ್ ಜೊತೆ ತಾವೇ ಮಾತಾಡಿದರು. ಉತ್ತರವಾಗಿ ಬರುತ್ತಿದ್ದದ್ದು '(ಯುಇಂಟ್32 42,)' ಅಂತ. ಅದರಿಂದ 42 ಎಂಬ ಸಂಖ್ಯೆಯನ್ನು ಮಾತ್ರ ಸೆಡ್ (ಪಠ್ಯ ತಿದ್ದುವ ಆಜ್ಞೆ) ಹಾಕಿ ಕಿತ್ತು ತೆಗೆಯಬೇಕಿತ್ತು. ನಾನೂ ಹಾಗೇ ಮಾಡಿದ್ದೆ.

2022ರಲ್ಲಿ ನೋಟಿಫೈ-ಸೆಂಡ್‌ಗೇ ಎರಡು ಆಯ್ಕೆ ಬಂದವು. ಮೊದಲ ಸೂಚನೆಯನ್ನು '--ಪ್ರಿಂಟ್-ಐಡಿ' ಹಾಕಿ ಕಳಿಸಿದರೆ ಸಂಖ್ಯೆಯನ್ನು ಹೇಳುತ್ತದೆ. ಅದನ್ನು ಒಂದು ವೇರಿಯಬಲ್‌ನಲ್ಲಿ ಹಿಡಿದಿಡಿ, ಆಮೇಲಿನ ಪ್ರತಿ ಸೂಚನೆಗೂ '--ರೀಪ್ಲೇಸ್-ಐಡಿ' ಜೊತೆ ಕೊಡಿ. ನನ್ನ ಬ್ಯಾಕಪ್‌ಗೆ ಈಗ ಒಂದೇ ಪೆಟ್ಟಿಗೆ.

ಸ್ಕ್ರಿಪ್ಟನ್ನು ಬೇರೆಯವರಿಗೆ ಕೊಡುವ ಮುಂಚೆ ಒಂದು ನೋಡಿಕೊಳ್ಳಿ. ಹಳೆಯ ಆವೃತ್ತಿಗೆ ಈ ಆಯ್ಕೆಗಳು ಗೊತ್ತಿಲ್ಲ. ಅಲ್ಲಿ ಎರರ್ ಬಂದು ಸೂಚನೆಯೇ ಕಾಣಿಸುವುದಿಲ್ಲ. ಅಂಥ ಕಂಪ್ಯೂಟರ್‌ಗೆ ಜಿಡಿಬಸ್ ದಾರಿ ಈಗಲೂ ನಡೆಯುತ್ತದೆ.