ಇರ್ವಿನ್ ನಾಲೆ ವಿ.ಸಿ. ನಾಲೆ ಆದ ಮೇಲೆ

ಮಂಡ್ಯದಲ್ಲಿ ಬಸ್ಸು ಹತ್ತಿ 'ವಿ.ಸಿ. ಫಾರಂ' ಅಂದರೆ ಕಂಡಕ್ಟರ್ ಮರುಮಾತಿಲ್ಲದೆ ಟಿಕೆಟ್ ಹರಿಯುತ್ತಾರೆ. ಅಲ್ಲಿ ಕೃಷಿ ಕಾಲೇಜು ಇರುವುದರಿಂದ ವಿ.ಸಿ. ಅಂದರೆ ವೈಸ್ ಚಾನ್ಸಲರ್ ಅಂತ ನಾನೂ ಬಹಳ ದಿನ ನಂಬಿದ್ದೆ. ಅಲ್ಲ, ಅದು ವಿಶ್ವೇಶ್ವರಯ್ಯ ಕೆನಾಲ್. ಅದಕ್ಕೂ ಮೊದಲು ಆ ನಾಲೆಗೆ ವೈಸರಾಯ್ ಇರ್ವಿನ್ ಹೆಸರಿತ್ತು. ಮಂಡ್ಯ ಆ ಹೆಸರು ಬಿಟ್ಟಿತು. ಮೈಸೂರಿನ ಇರ್ವಿನ್ ರಸ್ತೆ ಮಾತ್ರ ಇನ್ನೂ ಇರ್ವಿನ್ ರಸ್ತೆಯೇ.

ಈ ನಾಲೆಗೆ ನೀರು ಕೊಡುವ ಕನ್ನಂಬಾಡಿ ಕಟ್ಟೆಯನ್ನು (ಕೆ.ಆರ್.ಎಸ್.) ಕಟ್ಟಿಸಿದ ಕೀರ್ತಿ ನಾಲ್ವಡಿಯವರಿಗೆ ಸಲ್ಲಬೇಕೋ ವಿಶ್ವೇಶ್ವರಯ್ಯನವರಿಗೋ ಅನ್ನುವ ಜಗಳ ಟೀ ಅಂಗಡಿಯಲ್ಲಿ ಶುರುವಾದರೆ ಮುಗಿಯುವುದಿಲ್ಲ. ಕೆಲಸ ಶುರುವಾದದ್ದು 1911ರಲ್ಲಿ. ಆಗ ಚೀಫ್ ಎಂಜಿನಿಯರ್ ಆಗಿದ್ದ ವಿಶ್ವೇಶ್ವರಯ್ಯ ಮರುವರ್ಷ ದಿವಾನರಾದರು, 1918ರಲ್ಲಿ ಹೊರನಡೆದರು. ಕಟ್ಟೆ ಪೂರ್ತಿಯಾಗಿದ್ದು 1930ರ ದಶಕದ ಆರಂಭದಲ್ಲಿ. ಅಷ್ಟೂ ವರ್ಷ ಸಿಂಹಾಸನದಲ್ಲಿದ್ದವರು ನಾಲ್ವಡಿ ಕೃಷ್ಣರಾಜ ಒಡೆಯರು. ಒಬ್ಬರನ್ನು ಬಿಟ್ಟು ಇನ್ನೊಬ್ಬರ ಹೆಸರು ಹೇಳೋಕಾಗುತ್ತಾ? ನನಗಂತೂ ಇದು ಸುಮ್ನೆ ಜಗಳ.

ಈ ಗದ್ದಲದಲ್ಲಿ ಕಾಣದೇ ಹೋದವರು ಲೆಸ್ಲಿ ಕೋಲ್ಮನ್. ಕೆನಡಾದವರು, ಕೀಟ ಮತ್ತು ಬೆಳೆರೋಗದ ತಜ್ಞ. 1908ರಲ್ಲಿ ಮೈಸೂರು ಸಂಸ್ಥಾನಕ್ಕೆ ಬಂದರು, ಮುಂದೆ ಕೃಷಿ ಇಲಾಖೆಯ ನಿರ್ದೇಶಕರಾದರು. ಮಲೆನಾಡಿನಲ್ಲಿ ಅಡಿಕೆಗೆ ಕೊಳೆರೋಗ ಬಂದು ಕಾಯೆಲ್ಲ ಉದುರುತ್ತಿದ್ದಾಗ, ಮೈಲುತುತ್ತ ಮತ್ತು ಸುಣ್ಣ ಕಲಸಿದ ಬೋರ್ಡೋ ದ್ರಾವಣ ಹೊಡೆಯಿರಿ ಅಂತ ತೋರಿಸಿಕೊಟ್ಟವರು ಅವರೇ. ಈಗಲೂ ಮಳೆಗಾಲ ಹಿಡಿಯುವ ಮುಂಚೆ ತೋಟಗಳಲ್ಲಿ ಡ್ರಮ್ಮಿನ ತುಂಬ ಆ ನೀಲಿ ನೀರು ಇರುತ್ತೆ. ಹೊಡೆಯುವವರ ಅಂಗಿಗೆ ಕಲೆ ಬಿದ್ದರೆ ಜಪ್ಪಯ್ಯ ಅಂದರೂ ಹೋಗಲ್ಲ.

ಮಂಡ್ಯದ ಕಥೆ ಬೇರೆ. ರಾಗಿ, ಹುರುಳಿ ನಂಬಿದ್ದ ಹೊಲಗಳಿಗೆ ನಾಲೆ ನೀರೇನೋ ಬಂತು. ಬೆಳೆಯುವುದೇನು? ಕಬ್ಬು ಹಾಕಬಹುದು ಸರಿ, ಅಷ್ಟು ಕಬ್ಬನ್ನು ಆಲೆಮನೆಗಳೇ ಅರೆದು ಮುಗಿಸೋಕಾಗುತ್ತಾ? ಇಲ್ಲಿಗೆ ಸಕ್ಕರೆ ಕಾರ್ಖಾನೆಯೇ ಬೇಕು ಅಂತ ಬೆನ್ನು ಹತ್ತಿದವರು ಕೋಲ್ಮನ್. ಮಿರ್ಜಾ ಇಸ್ಮಾಯಿಲ್ ದಿವಾನರಾಗಿದ್ದ ಕಾಲ. 1933ರಲ್ಲಿ ಮೈಸೂರು ಸಕ್ಕರೆ ಕಂಪನಿ, ಅಂದರೆ ನಮ್ಮ ಮೈಷುಗರ್, ಹುಟ್ಟಿತು. ಮಂಡ್ಯ ಜಿಲ್ಲೆ ಆಗಿದ್ದೇ ಅದಾದ ಮೇಲೆ, 1939ರಲ್ಲಿ.

ಒಮ್ಮೆ ಕಬ್ಬಿನ ಗಾಡಿಗಳ ಸಾಲಿನಲ್ಲಿ ನಿಂತಿದ್ದ ರೈತರೊಬ್ಬರನ್ನು ಕೇಳಿದೆ, ಕೋಲ್ಮನ್ ಗೊತ್ತಾ ಅಂತ. ಎತ್ತಿನ ಹಗ್ಗ ಬಿಗಿ ಮಾಡುತ್ತಾ ಯೋಚಿಸಿದರು.

"ಯಾರ್ ಸಾ ಅವ್ರು, ಹೊಸ ನೀರುಗಂಟಿಯಾ?"