ಕ್ರಿಪ್ಟೋ ಲೈಬ್ರರಿ ಬದಲಿಸುವ ಇಫ್‌ಡೆಫ್‌ಗಳು ಎಲ್ಲಿಂದ ಬಂದವು?

ಎನ್‌ಕ್ರಿಪ್ಷನ್ ಬಳಸುವ ಹಳೆಯ ಓಪನ್ ಸೋರ್ಸ್ ಪ್ರೋಗ್ರಾಮ್‌ಗಳ ಕೋಡ್ ತೆರೆದರೆ ಇಫ್‌ಡೆಫ್ ಸಾಲುಗಳು ಎದುರಾಗುತ್ತವೆ. ಕೋಡಿನ ಯಾವ ತುಂಡು ಕಂಪೈಲ್ ಆಗಬೇಕು, ಯಾವುದು ಬೇಡ ಅಂತ ಹೇಳುವ ಷರತ್ತುಗಳಿವು. ಓಪನ್‌ಎಸ್‌ಎಸ್‌ಎಲ್ ಎಂಬ ಎನ್‌ಕ್ರಿಪ್ಷನ್ ಲೈಬ್ರರಿ ಇದ್ದರೆ ಈ ತುಂಡು ಕಂಪೈಲ್ ಆಗಬೇಕು, ಅಂಥದ್ದೇ ಇನ್ನೊಂದಾದ ಗ್ನುಟಿಎಲ್‌ಎಸ್ ಇದ್ದರೆ ಆ ತುಂಡು. ಓದಲು ಕಷ್ಟ, ನಿಜ. ಆದರೆ ಯಾರೂ ಇವನ್ನು ಸುಮ್ನೆ ಬರೆದಿಲ್ಲ.

ಮೊದಲ ಕಾರಣ ಪೇಟೆಂಟ್. ಅಮೆರಿಕದಲ್ಲಿ ಆರ್‌ಎಸ್‌ಎ ಎಂಬ ಎನ್‌ಕ್ರಿಪ್ಷನ್ ಅಲ್ಗಾರಿದಮ್‌ನ ಪೇಟೆಂಟ್ 2000ದ ಸೆಪ್ಟೆಂಬರ್‌ವರೆಗೆ ಇತ್ತು. ಐಡಿಯಾ ಎಂಬ ಇನ್ನೊಂದು ಅಲ್ಗಾರಿದಮ್‌ಗೂ ಪೇಟೆಂಟ್ ಇತ್ತು. ಹಾಗಾಗಿ ಬೇಡದ ಅಲ್ಗಾರಿದಮ್ಮನ್ನು ಬಿಲ್ಡ್ ಮಾಡುವಾಗಲೇ ಕೈಬಿಡುವ ಆಯ್ಕೆ ಓಪನ್‌ಎಸ್‌ಎಸ್‌ಎಲ್‌ನಲ್ಲಿ ಬಂತು.

ಆಮೇಲೆ ಲೈಸೆನ್ಸ್. ಜಾಹೀರಾತಿನಲ್ಲೂ ತಮ್ಮ ಹೆಸರು ಹಾಕಬೇಕು ಅಂತ ಓಪನ್‌ಎಸ್‌ಎಸ್‌ಎಲ್‌ನ ಹಳೆಯ ಲೈಸೆನ್ಸ್ ಕೇಳುತ್ತಿತ್ತು. ಎಷ್ಟೋ ಓಪನ್ ಸೋರ್ಸ್ ಪ್ರೋಗ್ರಾಮ್‌ಗಳು ಬಳಸುವ ಜಿಪಿಎಲ್ ಲೈಸೆನ್ಸ್‌ಗೆ ಇಂಥ ಹೆಚ್ಚುವರಿ ಷರತ್ತು ಆಗಿಬರುವುದಿಲ್ಲ. ಲಿನಕ್ಸ್ ವಿತರಣೆಯಾದ ಡೆಬಿಯನ್ ಇದನ್ನು ಗಂಭೀರವಾಗಿಯೇ ತೆಗೆದುಕೊಂಡಿತು. ಎಲ್‌ಜಿಪಿಎಲ್ (ಜಿಪಿಎಲ್‌ನ ಸಡಿಲ ರೂಪ) ಲೈಸೆನ್ಸ್‌ನ ಗ್ನುಟಿಎಲ್‌ಎಸ್‌ಗೆ ಬೇಡಿಕೆ ಬಂದದ್ದೇ ಹೀಗೆ. ನೆಟ್‌ವರ್ಕ್ ಮೂಲಕ ಡೇಟಾ ತರುವ ಕರ್ಲ್ ಲೈಬ್ರರಿಯನ್ನೂ ಡೆಬಿಯನ್ ಬೇರೆ ಬೇರೆ ಪ್ಯಾಕೇಜ್‌ಗಳಾಗಿ ಕೊಟ್ಟಿತು, ಒಂದು ಓಪನ್‌ಎಸ್‌ಎಸ್‌ಎಲ್ ಜೊತೆ, ಇನ್ನೊಂದು ಗ್ನುಟಿಎಲ್‌ಎಸ್ ಜೊತೆ.

2014ರ ಏಪ್ರಿಲ್‌ನಲ್ಲಿ ಹಾರ್ಟ್‌ಬ್ಲೀಡ್ ಬಯಲಾಯಿತು. ಓಪನ್‌ಎಸ್‌ಎಸ್‌ಎಲ್‌ನ ಹಾರ್ಟ್‌ಬೀಟ್ ಎಂಬ ಸೌಲಭ್ಯದಲ್ಲಿದ್ದ ಗಂಭೀರ ಭದ್ರತಾ ದೋಷ ಅದು. ತಕ್ಷಣ ಅಪ್‌ಗ್ರೇಡ್ ಮಾಡಲಾಗದವರು 'ಹಾರ್ಟ್‌ಬೀಟ್ ಬೇಡ' ಅನ್ನುವ ಫ್ಲಾಗ್ ಕೊಟ್ಟು ಮತ್ತೆ ಕಂಪೈಲ್ ಮಾಡಿದರೆ ಸಾಕಿತ್ತು. ಷರತ್ತಿನ ಕಂಪೈಲ್ ಆ ವಾರ ಎಷ್ಟೋ ಸರ್ವರ್‌ಗಳಿಗೆ ದಾರಿ ಕೊಟ್ಟಿತು.

ಅದೇ ವರ್ಷ ಓಪನ್‌ಎಸ್‌ಎಸ್‌ಎಲ್ ಕೋಡಿನಿಂದಲೇ ಓಪನ್‌ಬಿಎಸ್‌ಡಿ (ಒಂದು ಆಪರೇಟಿಂಗ್ ಸಿಸ್ಟಮ್) ತಂಡ ಲಿಬ್ರೆಎಸ್‌ಎಸ್‌ಎಲ್ ಅನ್ನೂ ಗೂಗಲ್ ಬೋರಿಂಗ್‌ಎಸ್‌ಎಸ್‌ಎಲ್ ಅನ್ನೂ ತಮ್ಮ ಪ್ರತ್ಯೇಕ ಲೈಬ್ರರಿಗಳಾಗಿ ಬೇರೆ ಮಾಡಿಕೊಂಡವು. ನಿಜವಾದ ತಲೆನೋವು ಶುರುವಾದದ್ದು ಇಲ್ಲಿ. ಲಿಬ್ರೆಎಸ್‌ಎಸ್‌ಎಲ್ ಹೆಡರ್ ಫೈಲ್‌ನಲ್ಲಿ ಓಪನ್‌ಎಸ್‌ಎಸ್‌ಎಲ್ ಆವೃತ್ತಿ ಕೇಳಿದರೆ 2.0.0 ಅನ್ನುತ್ತಿತ್ತು. 2016ರಲ್ಲಿ ಬಂದ ಓಪನ್‌ಎಸ್‌ಎಸ್‌ಎಲ್ 1.1.0 ತನ್ನ ಸ್ಟ್ರಕ್ಟ್‌ಗಳ (ಡೇಟಾ ಇಡುವ ರಚನೆಗಳ) ಒಳಗನ್ನು ಮುಚ್ಚಿ, ಅವುಗಳನ್ನು ಮುಟ್ಟಲು ಹೊಸ ಫಂಕ್ಷನ್‌ಗಳನ್ನು ಕೊಟ್ಟಿತು. ಪ್ರೋಗ್ರಾಮರ್‌ಗಳು 'ಆವೃತ್ತಿ 1.1.0 ಅಥವಾ ಜಾಸ್ತಿ ಇದ್ದರೆ ಹೊಸ ಫಂಕ್ಷನ್' ಅಂತ ಬರೆದರು. 2.0.0 ಅದಕ್ಕಿಂತ ದೊಡ್ಡದು ಅಲ್ವಾ? ಷರತ್ತು ನಿಜವಾಯಿತು, ಫಂಕ್ಷನ್ ಮಾತ್ರ ಅಲ್ಲಿರಲಿಲ್ಲ. ಬಿಲ್ಡ್ ಮುರಿಯಿತು. ಆಗ 'ಜೊತೆಗೆ ಲಿಬ್ರೆಎಸ್‌ಎಸ್‌ಎಲ್ ಆಗಿರಬಾರದು' ಅನ್ನುವ ಬಾಲ ಎಷ್ಟೋ ಫೈಲ್‌ಗಳಲ್ಲಿ ಅಂಟಿಕೊಂಡಿತು. ಮುಂದೆ ಅದೇ ಫಂಕ್ಷನ್‌ಗಳು ಲಿಬ್ರೆಎಸ್‌ಎಸ್‌ಎಲ್‌ಗೂ ಬಂದವು. ಆಗ ಆ ಬಾಲವೇ ತಪ್ಪಾಯಿತು.

ಆವೃತ್ತಿ ಸಂಖ್ಯೆ ನಂಬುವುದಕ್ಕಿಂತ ಫಂಕ್ಷನ್ ಇದೆಯೇ ಅಂತ ಕಂಪೈಲ್‌ಗೆ ಮುಂಚಿನ ಕಾನ್ಫಿಗರ್ ಹಂತದಲ್ಲೇ ಪರೀಕ್ಷಿಸುವುದು ಎಷ್ಟೋ ಮೇಲು. ಕರ್ಲ್ ಇನ್ನೂ ಒಂದು ಹೆಜ್ಜೆ ಮುಂದೆ ಹೋಯಿತು. ಲೈಬ್ರರಿಗೆ ಸಂಬಂಧಿಸಿದ ಕೋಡನ್ನೆಲ್ಲ ಒಂದೇ ಡೈರೆಕ್ಟರಿಗೆ ತಂದಿತು, ಉಳಿದ ಕೋಡ್ ಅವುಗಳ ಹೆಸರನ್ನೇ ಎತ್ತುವುದು ಕಡಿಮೆ. 2017ರ 7.56.0ರಿಂದ ಹಲವು ಲೈಬ್ರರಿ ಸೇರಿಸಿ ಬಿಲ್ಡ್ ಮಾಡಿ, ಪ್ರೋಗ್ರಾಮ್ ಶುರುವಾಗುವಾಗ ಒಂದನ್ನು ಆರಿಸಬಹುದು.

ಆದರೂ ಒಂದೊಂದು ಕವಲಿಗೂ ಪರೀಕ್ಷೆ ಬೇಕು, ನೋಡಿಕೊಳ್ಳುವವರು ಬೇಕು. ಡೆವಲಪರ್ ತನ್ನ ಕಂಪ್ಯೂಟರ್‌ನಲ್ಲಿ ಒಂದನ್ನೇ ಬಿಲ್ಡ್ ಮಾಡುತ್ತಾನೆ. ಉಳಿದ ಕವಲಿನಲ್ಲಿ ಸರ್ಟಿಫಿಕೇಟ್ ಪರಿಶೀಲನೆ ತಪ್ಪಿದರೂ ಅವನಿಗೆ ಕಾಣುವುದಿಲ್ಲ. ನನ್ನ ಮಟ್ಟಿಗೆ ಅತಿ ದೊಡ್ಡ ಅಪಾಯ ಇದೇ. ಪೈಥಾನ್ 3.10 ಲಿಬ್ರೆಎಸ್‌ಎಸ್‌ಎಲ್ ಬೆಂಬಲ ಕೈಬಿಟ್ಟು ಓಪನ್‌ಎಸ್‌ಎಸ್‌ಎಲ್ 1.1.1 ಕಡ್ಡಾಯ ಮಾಡಿದ್ದು ಕಠಿಣ ಅನ್ನಿಸಿದರೂ ಪ್ರಾಮಾಣಿಕ ನಿರ್ಧಾರ.

ಲೈಸೆನ್ಸ್ ತಕರಾರೂ ಬಹುಪಾಲು ಕರಗಿದೆ. 2021ರ ಓಪನ್‌ಎಸ್‌ಎಸ್‌ಎಲ್ 3.0 ಅಪಾಚೆ 2.0 ಲೈಸೆನ್ಸ್‌ಗೆ ಬಂತು. ಇದು ಜಿಪಿಎಲ್ 3ಕ್ಕೆ ಹೊಂದುತ್ತದೆ, ಜಿಪಿಎಲ್ 2 ಮಾತ್ರ ಅನ್ನುವವರಿಗೆ ತೊಡಕು ಉಳಿದೇ ಇದೆ. ಇತ್ತ ಕರ್ಲ್, ಎನ್‌ಎಸ್‌ಎಸ್ ಎಂಬ ಇನ್ನೊಂದು ಕ್ರಿಪ್ಟೋ ಲೈಬ್ರರಿಯ ಕವಲನ್ನು ಒಮ್ಮೆಲೇ ಕಿತ್ತುಹಾಕಲಿಲ್ಲ. ಮೊದಲು ಹೆಸರಿನಲ್ಲೇ 'ಡೆಪ್ರಿಕೇಟೆಡ್' (ಮುಂದೆ ತೆಗೆಯಲಿರುವುದು) ಅಂತ ಇರುವ ಬಿಲ್ಡ್ ಆಯ್ಕೆಯೊಂದನ್ನು ಸೇರಿಸಿತು, ಬೇಕಾದವರು ಅದನ್ನು ಟೈಪ್ ಮಾಡಲೇಬೇಕಿತ್ತು. 2023ರ 8.3.0ರಲ್ಲಿ ಆ ಕೋಡ್ ಪೂರ್ತಿ ಹೋಯಿತು.